ಸ್ಟ್ರಿಪ್ ಹಾಕಿ ಕಳಿಸುವ ಮೊದಲು

ಕಾಸರಗೋಡಿನ ಬದಿಯಡ್ಕದ ಹತ್ತಿರ ಟಯರ್ ಅಂಗಡಿಯಲ್ಲಿ ನನ್ನ ಕೆಲಸ. ಪಂಕ್ಚರ್‌ಗೆ ಬರುವವರು ಎಂಜಿನ್ ಆಫ್ ಮಾಡುವ ಮೊದಲೇ ಕೇಳುತ್ತಾರೆ, "ಎಷ್ಟು ಹೊತ್ತು ಬೇಕು?" ಟಯರ್ ಬಿಚ್ಚಿ ನೋಡಬೇಕು ಅಂದರೆ ಮುಖ ಸಪ್ಪಗಾಗುತ್ತದೆ. ಧಣಿಗೂ ಅದು ಇಷ್ಟವಿಲ್ಲ, ಟಯರ್ ಬಿಚ್ಚುವ ಮೆಷಿನ್ ಹೊಸ ಟಯರಿನ ಗಿರಾಕಿಗೆ ಖಾಲಿ ಇರಬೇಕಂತೆ. ಹಾಗಾಗಿ ಹೊರಗಿನಿಂದಲೇ ತೂತಿಗೆ ಸ್ಟ್ರಿಪ್, ಅಂದರೆ ಅಂಟಿನ ರಬ್ಬರ್ ಎಳೆ, ತುರುಕಿ ಕಳಿಸುವುದು ನಮ್ಮ ರೂಢಿ.

ಕಳೆದ ಮಳೆಗಾಲದಲ್ಲಿ ಪೆರ್ಲ ಕಡೆಯ ಮಾಷ್ಟ್ರೊಬ್ಬರು ಬಂದರು. ಹಿಂದಿನ ಎಡ ಟಯರ್ ಪೂರ್ತಿ ಕೂತಿತ್ತು.

"ಇದೆಲ್ಲಿ ಆದದ್ದು ಮಾಷ್ಟ್ರೇ?"

"ಇಲ್ಲೇ ಮಾರಾಯ, ಮೆಲ್ಲ ಬಂದೆ. ಈ ಮಳೆಗೆ ಸ್ಟೆಪ್ನಿ ಹಾಕ್ಲಿಕ್ಕೆ ಆಗ್ತದಾ?"

ಟ್ರೆಡ್, ಅಂದರೆ ರಸ್ತೆಗೆ ತಾಗುವ ಭಾಗ, ಚೆನ್ನಾಗಿತ್ತು. ಸೈಡಿನಲ್ಲಿ 2322 ಅಂತ ಇತ್ತು. 2022ರ 23ನೇ ವಾರ ತಯಾರಾದದ್ದು, ಹಳತೇನೂ ಅಲ್ಲ. ಆಣಿ ಹೊಕ್ಕಿದ್ದು ಟ್ರೆಡ್ಡಿನ ನಡುವೆಯೇ. ಸೈಡ್‌ವಾಲಿನ ಸುತ್ತ ಏನೋ ಉಜ್ಜಿದ ಹಾಗೆ ಒಂದು ಗೆರೆ ಕಂಡಿತು. ಕೆಸರು ಇರಬೇಕು ಅಂದುಕೊಂಡೆ. ಅಲ್ಲೇ ಎಡವಿದ್ದು.

ಜಾಕ್ ಏರಿಸಿ, ಸ್ಟ್ರಿಪ್ ಹಾಕಿ, ಗಾಳಿ ತುಂಬಲು ಕೂತೆ. ನಮ್ಮ ಗನ್ನನ್ನು ವಾಲ್ವಿಗೆ ಕೈಯಲ್ಲೇ ಒತ್ತಿ ಹಿಡಿಯಬೇಕು. ಅಂದರೆ ಮುಖ ಸೀದಾ ಟಯರಿನ ಎದುರು. ಮೀಟರಿನಲ್ಲಿ 20 ಪಿಎಸ್‌ಐ ದಾಟುವಾಗ ಟಿಕ್ ಅಂತ ಸಣ್ಣ ಸದ್ದು. ಟ್ರೆಡ್ಡಿನ ಸಂದಿಯಿಂದ ಜಲ್ಲಿಕಲ್ಲು ಉದುರಿರಬೇಕು ಅಂತ ಒತ್ತುತ್ತಲೇ ಇದ್ದೆ. 25ರ ಹತ್ತಿರ ಟಿಕ್ ಟಿಕ್ ಅಂತ ಬಿಡದೆ ಶುರುವಾಯಿತು. ವೀಲ್ ಅಲೈನ್‌ಮೆಂಟ್ ಮಾಡುವ ನಮ್ಮ ಮಲಯಾಳಿ ಚೇಟ ಅಲ್ಲಿಂದಲೇ ಬೊಬ್ಬೆ ಹಾಕಿದರು, "ಮಾರೆಡಾ!" ದೂರ ಸರಿಯೋ ಅಂತ. ಆಗ ನೋಡುತ್ತೇನೆ, ಸೈಡ್‌ವಾಲಿನಲ್ಲಿ ಅಂಗೈಯಗಲ ಉಬ್ಬು.

ಗನ್ ಬಿಸಾಡಿ ಹಿಂದೆ ಹಾರಿದೆ. ಆದರೆ ತುಂಬಿದ ಗಾಳಿ ಒಳಗೇ ಇದೆಯಲ್ಲ, ತೆಗೆಯುವವರು ಯಾರು? ವಾಲ್ವ್ ಇರುವುದು ಉಬ್ಬಿನ ಪಕ್ಕದಲ್ಲೇ. ಅಷ್ಟರಲ್ಲಿ ಮಾಷ್ಟ್ರು ಕೊಡೆ ಮಡಚಿ "ಏನಾಯ್ತು?" ಅಂತ ಬಗ್ಗಿ ನೋಡಲು ಬಂದರು. ಅವರ ರಟ್ಟೆ ಹಿಡಿದು ಎಳೆದೆ. ಚೇಟ ಮಾತ್ರ ನಿಧಾನಕ್ಕೆ ಕಾರಿನ ಹಿಂದಿನಿಂದ ಬಂದು, ಟ್ರೆಡ್ ಕಡೆ ನಿಂತು, ಇಕ್ಕಳದಲ್ಲಿ ನಾನು ಹಾಕಿದ ಸ್ಟ್ರಿಪ್ಪನ್ನೇ ಕಿತ್ತರು. ಗಾಳಿ ಪೂರ್ತಿ ಹೋಗುವವರೆಗೆ ಒಬ್ಬರೂ ಮಾತಾಡಲಿಲ್ಲ.

ಹೊಸ ಟಯರ್ ಬೇಕು ಅಂದದ್ದೇ ತಡ, ಮಾಷ್ಟ್ರಿಗೆ ಸಂಶಯ. ಮಾರಲಿಕ್ಕೆ ನಾವು ಕಟ್ಟಿದ ಆಟ ಅಂತ. ಬಿಚ್ಚಿ ಕೊಟ್ಟೆ, ನೀವೇ ಕೈ ಹಾಕಿ ನೋಡಿ ಅಂದೆ. ಒಂದು ಹಿಡಿ ಕರಿ ರಬ್ಬರ್ ಪುಡಿ ಬಂತು. ಅದನ್ನು ಬಿಳಿ ಪಂಚೆಗೆ ಒರೆಸಿಕೊಂಡ ಮೇಲೆ ಜಗಳ ನಿಂತಿತು. ಚಪ್ಪಟೆ ಟಯರಿನಲ್ಲಿ ಬಂದದ್ದು "ಇಲ್ಲೇ" ಅಲ್ಲ, ಅಷ್ಟು ದೂರದ ಪೆರ್ಲ ಪೇಟೆಯಿಂದ ಅಂತಲೂ ಆಗಲೇ ಗೊತ್ತಾದದ್ದು.

ಗಾಳಿ ಇಲ್ಲದೆ ಓಡಿದರೆ ಗಾಡಿಯ ಭಾರವೆಲ್ಲ ಸೈಡ್‌ವಾಲಿನ ಮೇಲೆ. ಅದು ಮಡಚಿ ಮಡಚಿ ಬಿಸಿಯಾಗಿ, ಒಳಗಿನ ನೂಲು ಹರಿಯುತ್ತದೆ. ಆ ಟಿಕ್ ಟಿಕ್ ಅದರದ್ದೇ. ಮೆಲ್ಲ ಬಂದರೂ ಅಷ್ಟೇ. ಹೊರಗೆ ಕಾಣುವುದು ಆ ಗೆರೆ ಮಾತ್ರ. ಅಂಥ ಟಯರಿಗೆ ಸ್ಟ್ರಿಪ್ ಹಾಕಿ ಹೈವೇಗೆ ಇಳಿದರೆ ಯಾವಾಗ ಒಡೆಯುತ್ತದೋ ಹೇಳಲಾಗದು. ಆದ್ದರಿಂದ ಚಪ್ಪಟೆ ಟಯರಿನಲ್ಲಿ ಸ್ವಲ್ಪ ದೂರ ಬಂದಿದ್ದರೂ ನೀವೇ ಹೇಳಿ, ಬಿಚ್ಚಿ ಒಳಗೆ ನೋಡಿಸಿ. ಅಂಗಡಿಯವರು ಗೊಣಗಿದರೆ ಗೊಣಗಲಿ. ಗಾಳಿ ಕಮ್ಮಿ ಇಟ್ಟು ಓಡಿಸಿದರೂ ಇದೇ ಗತಿ, ತುಸು ನಿಧಾನಕ್ಕೆ. ತಿಂಗಳಿಗೊಮ್ಮೆಯಾದರೂ ಬೆಳಿಗ್ಗೆ ಟಯರ್ ತಣ್ಣಗಿರುವಾಗ ನೋಡಿ. ಎಷ್ಟು ಇಡಬೇಕು ಅಂತ ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರಿನಲ್ಲಿ ಇರುತ್ತದೆ. ಟಯರಿನ ಮೇಲೆ ಬರೆದದ್ದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ. ಸ್ಟೆಪ್ನಿಗೂ ಗಾಳಿ ಬೇಕು. ಮಾಷ್ಟ್ರ ಸ್ಟೆಪ್ನಿಯಲ್ಲೂ ಇರಲಿಲ್ಲ, ಮಳೆ ಸುಮ್ನೆ ನೆಪ.

ಉದ್ದ ಪೈಪಿನ ಕ್ಲಿಪ್ ಗನ್ ತನ್ನಿ, ದೂರ ನಿಂತು ಗಾಳಿ ಹಾಕಬಹುದು ಅಂತ ಅವತ್ತೇ ಧಣಿಗೆ ಹೇಳಿದೆ. ಬಂದದ್ದು ನೈಟ್ರೋಜನ್ ಮೆಷಿನ್. ಸಾದಾ ಗಾಳಿಯಲ್ಲೇ 78 ಶೇಕಡ ನೈಟ್ರೋಜನ್ ಇದೆ, ಆದರೆ ಅದಕ್ಕೆ ದುಡ್ಡು ಕೇಳಲಾಗುವುದಿಲ್ಲ ಅಲ್ವಾ?