ಎಸ್‌ಜಿಗೆ ಸ್ಟ್ರಾಪ್ ಲಾಕ್

ಎಸ್‌ಜಿ ಅನ್ನೋ ಎಲೆಕ್ಟ್ರಿಕ್ ಗಿಟಾರಿನ ಕತ್ತು ಭಾರ. ಕೈ ಬಿಟ್ಟರೆ ನೆಲದ ಕಡೆ ವಾಲುತ್ತದೆ, ಹೆಗಲಿಗೆ ಹಾಕುವ ಪಟ್ಟಿ, ಅಂದರೆ ಸ್ಟ್ರಾಪ್, ತಿರುಚಿಕೊಂಡು ಗಿಟಾರಿನ ಗುಂಡಿಯಿಂದ ಜಾರುತ್ತದೆ. ಮಾಟುಂಗದ ನಮ್ಮ ಕನ್ನಡ ಹುಡುಗರ ಬ್ಯಾಂಡಿನಲ್ಲಿ ನುಡಿಸೋದಕ್ಕಿಂತ ಕುಣಿಯೋದೇ ಜಾಸ್ತಿ. ಹಾಗಾಗಿ ಸ್ಟ್ರಾಪನ್ನು ಗುಂಡಿಗೆ ಕಚ್ಚಿಸಿಡುವ ಲಾಕ್ ಬೇಕೇ ಬೇಕು.

ಶಾಲರ್ ಕಂಪನಿಯ ಲಾಕ್ ಗುಂಡಿಯನ್ನು ಮೇಲಿನಿಂದ ಅಪ್ಪಿ ಹಿಡಿಯುತ್ತದೆ. ಹಳೆಯದರಲ್ಲಿ ನಟ್ಟು ಸಡಿಲವಾಗುವ ತಕರಾರಿತ್ತು, ಈಗಿನ ಎಸ್-ಲಾಕ್‌ನಲ್ಲಿ ಅದನ್ನು ಬಿಗಿಹಿಡಿಯಲು ಪುಟ್ಟ ಸ್ಕ್ರೂ ಇದೆ. ನಾನು ತಗೊಂಡದ್ದು ಡನ್‌ಲಪ್ ಕಂಪನಿಯ ಡ್ಯುಯಲ್ ಡಿಸೈನ್ ಲಾಕ್. ಲಾಕ್ ಮನೆಯಲ್ಲೇ ಮರೆತರೂ ಮಾಮೂಲಿ ಸ್ಟ್ರಾಪನ್ನು ಅದೇ ಗುಂಡಿಗೆ ಸಿಕ್ಕಿಸಬಹುದು, ನನ್ನಂಥವನಿಗೆ ಅದೇ ದೊಡ್ಡದು ಅಲ್ವಾ?

ಲಾಕಿನ ಜೊತೆ ಬಂದ ಗುಂಡಿ ಹಾಕೋಣ ಅಂತ ಹಳೆಯ ಗುಂಡಿ ಬಿಚ್ಚಿದರೆ ತೂತು ಸವೆದು ಅಗಲವಾಗಿತ್ತು, ಹೊಸ ಸ್ಕ್ರೂ ಸುಮ್ನೆ ತಿರುಗುತ್ತಿತ್ತು. ನಮ್ಮ ಡ್ರಮ್ಮರ್ ಉಡುಪಿ ಕಡೆಯವನು. "ದೊಡ್ಡ ಸ್ಕ್ರೂ ಎಲ್ಲ ಬೇಡ ಮಾರಾಯ, ಬೆಂಕಿಕಡ್ಡಿ ಹಾಕು" ಅಂದ. ಮದ್ದಿನ ತಲೆ ಮುರಿದು, ಕಡ್ಡಿಗಳಿಗೆ ಫೆವಿಕಾಲ್ ಸವರಿ ತೂತಿನೊಳಗೆ ತುರುಕಿದೆವು. ಮುಂಬೈ ಮಳೆಗಾಲದಲ್ಲಿ ಅಂಟು ಬೇಗ ಒಣಗಲ್ಲ, ಒಂದು ದಿನ ಬಿಟ್ಟೆ. ಉಳಿದ ತುದಿಯನ್ನು ಬ್ಲೇಡಿನಲ್ಲಿ ಕೊಯ್ದು, ಸ್ಕ್ರೂಗೆ ಒಣ ಸೋಪು ಉಜ್ಜಿ, ಕೈಯಲ್ಲೇ ನಿಧಾನ ತಿರುಗಿಸಿದೆ. ಡ್ರಿಲ್ ಮೆಷಿನ್‌ನಲ್ಲಿ ಬಿಗಿ ಮಾಡೋರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ.

ನನ್ನ ದಪ್ಪ ಚರ್ಮದ ಸ್ಟ್ರಾಪಿಗೆ ಲಾಕಿನ ಕ್ಲಿಪ್ ಸರಿಯಾಗಿ ಕೂರಲಿಲ್ಲ. ನೈಲಾನಿನದಕ್ಕೆ ಹಾಕಿದೆ, ಟಕ್ ಅಂತ ಕಚ್ಚಿಕೊಂಡಿತು.