ಕಾಣೆಯಾದ 3 ಕಿಲೋವ್ಯಾಟ್: ಅಂಗಡಿ ಎಸಿ ಲಾಗ್, ಭಾಗ 4

ಮೂರು ಭಾನುವಾರ ತಿಂದ ಕಳ್ಳ ಇವತ್ತು ಸಿಕ್ಕಿಬಿದ್ದ. ಅದೂ ನಾನು ಒಮ್ಮೆಯೂ ಅನುಮಾನಪಡದ ಜಾಗದಲ್ಲಿ!

ದಾವಣಗೆರೆ, ಸೋದರಮಾವನ ಸೀರೆ ಅಂಗಡಿ, 8.5 ಟನ್ನಿನ ಡಕ್ಟೆಬಲ್ (ಕೊಳವೆಗಳಲ್ಲಿ ತಂಪು ಹರಿಸುವ) ಎಸಿ. ಅದು ಎಷ್ಟು ಕರೆಂಟು ತಿನ್ನುತ್ತದೆ ಅಂತ ಅಳೆಯುವುದು ನನ್ನ ಪ್ರಾಜೆಕ್ಟ್. ಕೆಂಪು, ಹಳದಿ, ನೀಲಿ ಅಂತ ಮೂರು ಫೇಸ್. ಫೇಸಿಗೊಂದು ಪಿಜೆಮ್ ಮಾಡ್ಯೂಲ್ (ವೋಲ್ಟೇಜ್, ಕರೆಂಟ್ ನೋಡಿ ಪವರ್ ಲೆಕ್ಕ ಹಾಕುವ ಪುಟ್ಟ ಬೋರ್ಡ್), ಅವನ್ನು ಓದಲು ಒಂದು ಇಎಸ್‌ಪಿ32 ಚಿಪ್. ವೋಲ್ಟೇಜ್ ಡಿಬಿಯಿಂದ (ಬ್ರೇಕರ್‌ಗಳ ಪೆಟ್ಟಿಗೆ) ತೆಗೆದದ್ದಾಗಿದೆ. ವೈರಿನ ಸುತ್ತ ಕೂತು ಕರೆಂಟ್ ಅಳೆಯುವ ಸಿಟಿಗಳನ್ನೂ ಅಲ್ಲೇ ಹಾಕುವವನಿದ್ದೆ. ಆದರೆ ಬಾಯಿ ತೆರೆಯುವ ಸಿಟಿಗೆ ದುಡ್ಡು ತಗೊಂಡವರು ಗಟ್ಟಿ ಉಂಗುರ ಕಳಿಸಿದರು. ಫೋನ್ ಮಾಡಿದರೆ "ಎರಡೂ ಒಂದೇ ಸಾರ್" ಅಂತೆ. ಡಿಬಿಯಲ್ಲಿ ವೈರ್ ಬಿಚ್ಚಲು ಕೈ ತೂರುವುದಿಲ್ಲ. ಎಲೆಕ್ಟ್ರಿಷಿಯನ್ ಪಕ್ಕದ ಐಸೊಲೇಟರಿನ (ಎಸಿಯ ಮೇನ್ ಸ್ವಿಚ್) ಔಟ್‌ಗೋಯಿಂಗ್ ಕಡೆ ಪೋಣಿಸಿಕೊಟ್ಟರು. ಈ ಉಂಗುರ ನೆನಪಿಟ್ಟುಕೊಳ್ಳಿ.

ಕಾಗದದ ಲೆಕ್ಕ: ಟನ್ನಿಗೆ 3.517 ಕಿಲೋವ್ಯಾಟ್, ಹಾಗಾಗಿ 8.5 × 3.517, ಅಂದರೆ ಸುಮಾರು 30 ಕಿಲೋವ್ಯಾಟ್ ತಂಪು. ಇಇಆರ್ (ತಿಂದ ಕರೆಂಟಿನ ಎಷ್ಟು ಪಟ್ಟು ತಂಪು) 3 ಹಿಡಿದರೆ ಕರೆಂಟು 10 ಕಿಲೋವ್ಯಾಟ್. ನನ್ನ ಪರದೆ ಹೇಳಿದ್ದು 6.75. ಮಾವನಿಗಂತೂ ಖುಷಿಯೋ ಖುಷಿ.

ಮೂರೂ ಫೇಸಿನಲ್ಲಿ 16 ಆಂಪ್ಸ್ ಸಮ. ಪವರ್ ಮಾತ್ರ ಕೆಂಪಿನಲ್ಲಿ 3,260 ವ್ಯಾಟ್, ಹಳದಿಯಲ್ಲಿ 3,380, ನೀಲಿಯಲ್ಲಿ 115! ನೀಲಿಯ ಪವರ್ ಫ್ಯಾಕ್ಟರ್ (ವೋಲ್ಟೇಜ್ × ಕರೆಂಟಿನಲ್ಲಿ ನಿಜವಾದ ಪವರ್ ಎಷ್ಟು ಪಾಲು ಅನ್ನುವುದು) 0.03. ಮಾಡ್ಯೂಲ್ ಬದಲಿಸಿದೆ, ಸಿಟಿ ಬದಲಿಸಿದೆ, ಬೈದೆ. ಅದೇ 115.

ಮಾಡ್ಯೂಲನ್ನು ಬಿಟ್ಟು ಅಂಗಡಿಯ ಮೀಟರಿನ ಮುಂದೆ ಕೂತೆ. ಯೂನಿಟ್ಟಿಗೆ 400 ಮಿಣುಕು ಅಂತ ಅದರ ಮೇಲೇ ಬರೆದಿದೆ. ಬೇರೆಲ್ಲ ಆರಿಸಿ, ಎಸಿ ಮಾತ್ರ ಓಡಿಸಿ, ಮೊಬೈಲಿನಲ್ಲಿ ಟೈಮ್ ಹಿಡಿದು ಎಣಿಸಿದೆ. 92 ಸೆಕೆಂಡಿಗೆ 100 ಮಿಣುಕು, ಅಂದರೆ 9.8 ಕಿಲೋವ್ಯಾಟ್. ಕಾಗದ ಸರಿ, ನಾನೇ ತಪ್ಪು.

(ಎಣಿಸುತ್ತಾ ಕತ್ತು ನೋಯಿತು. ಮುಂದಿನ ಪ್ರಾಜೆಕ್ಟ್ ಹೊಳೆದದ್ದು ಅಲ್ಲೇ: ಮಿಣುಕುವ ಆ ಎಲ್‌ಇಡಿ ಮುಂದೆ ಒಂದು ಎಲ್‌ಡಿಆರ್ (ಬೆಳಕು ಗುರುತಿಸುವ ಸೆನ್ಸರ್) ಅಂಟಿಸಿದರೆ ಸಾಕಲ್ವಾ? ಸಿಟಿಯೂ ಬೇಡ, ಉಂಗುರವೂ ಬೇಡ. ಕಪ್ಪು ಟೇಪ್ ಆಗಲೇ ತಂದಿಟ್ಟಿದ್ದೇನೆ.)

ಇವತ್ತು ಎಲೆಕ್ಟ್ರಿಷಿಯನ್ ಸುಮ್ನೆ ಒಂದು ಕೆಲಸ ಮಾಡಿದರು. ಮಲ್ಟಿಮೀಟರಿನ ಒಂದು ಕಡ್ಡಿ ಡಿಬಿಯ ಹಳದಿಗೆ, ಇನ್ನೊಂದು ಐಸೊಲೇಟರಿನಿಂದ ಹೊರಡುವ ಹಳದಿಗೆ. ಒಂದೇ ಫೇಸಾದರೆ ಸೊನ್ನೆ ಬರಬೇಕು. ಬಂದದ್ದು 414.

ಎಸಿ ಕೂರಿಸಿದ ದಿನ ಸ್ಕ್ರೋಲ್ ಕಂಪ್ರೆಸರ್ ಉಲ್ಟಾ ತಿರುಗಿ ಗೊರಗೊರ ಅಂದಿತ್ತಂತೆ. ಟೆಕ್ನಿಷಿಯನ್ ಐಸೊಲೇಟರಿನ ಔಟ್‌ಗೋಯಿಂಗ್‌ನಲ್ಲಿ ಎರಡು ವೈರ್ ಅದಲುಬದಲು ಮಾಡಿದ್ದರು. ಮಾಡಬೇಕಾದ್ದೇ. ಆದರೆ ಅಲ್ಲಿಂದಾಚೆ ಹಳದಿ ವೈರಿನಲ್ಲಿ ಓಡುವುದು ನೀಲಿ ಫೇಸ್.

ವೋಲ್ಟೇಜ್ ತೆಗೆದದ್ದು ಅದಲುಬದಲಿನ ಈಚೆ, ಡಿಬಿಯಲ್ಲಿ; ಗಟ್ಟಿ ಉಂಗುರದ ದೆಸೆಯಿಂದ ಸಿಟಿ ಕೂತದ್ದು ಆಚೆ. ಅಲ್ಲಿಗೆ ಹಳದಿ ಮಾಡ್ಯೂಲಿಗೆ ಹಳದಿಯ ವೋಲ್ಟೇಜ್, ನೀಲಿಯ ಕರೆಂಟ್. ಮೋಟಾರಿನಲ್ಲಿ ಕರೆಂಟ್ ವೋಲ್ಟೇಜಿಗಿಂತ 32 ಡಿಗ್ರಿ ಹಿಂದೆ; ಫೇಸ್ ಫೇಸಿಗೆ 120 ಡಿಗ್ರಿ ಅಂತರ. 32ಕ್ಕೆ 120 ಸೇರಿ 152. ಅದರ ಕೊಸೈನ್, ಅಂದರೆ ಪವರ್ ಫ್ಯಾಕ್ಟರ್, ಮೈನಸ್ 0.88. ಈ ಮಾಡ್ಯೂಲಿಗೆ ಮೈನಸ್ ಅಂದರೆ ಏನಂತ ಗೊತ್ತಿಲ್ಲ. 0.88 ಅಂತ ಸಂಭಾವಿತನ ಹಾಗೆ ತೋರಿಸುತ್ತಿತ್ತು. ನೀಲಿಗೆ 120ರಲ್ಲಿ 32 ಕಳೆದು 88, ಕೊಸೈನ್ 0.03. ಪಾಪ, ನಿಜವಾಗಿ ಎಡವಟ್ಟಾಗಿದೆ ಅಂತ ಕೂಗುತ್ತಿದ್ದದ್ದು ನೀಲಿಯೊಂದೇ. ಮೂರು ವಾರ ಬೈಸಿಕೊಂಡದ್ದೂ ಅದೇ.

ಎರಡು ಸಿಟಿಗಳ ಪ್ಲಗ್ ಅದಲುಬದಲು ಮಾಡಿದೆ, ಅಷ್ಟೇ. 9.79.

ಮಾವನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಹೋದ ವಾರ ಆರೂಮುಕ್ಕಾಲು ಇತ್ತಲ್ಲೋ, ಅದನ್ನೇ ಇಟ್ಟುಬಿಡು."