ಗಣಿಯಾಳದಲ್ಲಿ ಕಪ್ಪುದ್ರವ್ಯದ ಹುಡುಕಾಟ

ವಿರಾಜಪೇಟೆಯಲ್ಲಿ ನಾನು ಭೌತಶಾಸ್ತ್ರ ಬೋಧಿಸುವ ತರಗತಿಗಳಲ್ಲಿ, ಡಾರ್ಕ್ ಮ್ಯಾಟರ್ ಅಂದರೆ ಬೆಳಕು ಸೂಸದ, ಕಣ್ಣಿಗೆ ಕಾಣದ ಕಪ್ಪುದ್ರವ್ಯವನ್ನು ಆಕಾಶದಲ್ಲಿ ಹುಡುಕದೆ ಗಣಿಯೊಳಗೇಕೆ ಹುಡುಕುತ್ತಾರೆ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಗ್ಯಾಲಕ್ಸಿಗಳ ಚಲನೆಯಲ್ಲಿ ಅದರ ಗುರುತ್ವ ಕಾಣುತ್ತದೆ, ನಿಜ. ಆದರೆ ಅದರ ಕಣವೊಂದು ಸಾಮಾನ್ಯ ಪರಮಾಣುವಿನ ಬೀಜಕ್ಕೆ ಡಿಕ್ಕಿ ಹೊಡೆದದ್ದನ್ನು ಗುರುತಿಸಬೇಕಾದರೆ ಬಾಹ್ಯಾಕಾಶದಿಂದ ಸುರಿಯುವ ವಿಶ್ವಕಿರಣಗಳ ಗದ್ದಲದಿಂದ ದೂರ, ಅವನ್ನು ತಡೆಯುವ ಬಂಡೆಗಳ ಕೆಳಗಿರಬೇಕು. ಕೊಡಗಿನ ಆಷಾಢದ ಜಡಿಮಳೆಯಲ್ಲಿ ಏಲಕ್ಕಿ ತೋಟದ ಒಂದೇ ಎಲೆಯ ಸದ್ದನ್ನು ಬೇರ್ಪಡಿಸಿ ಕೇಳುವಷ್ಟು ಕಷ್ಟದ ಕೆಲಸವಿದು.

ಆದ್ದರಿಂದಲೇ ಅಮೆರಿಕದ ದಕ್ಷಿಣ ಡಕೋಟದ ಹಳೆಯ ಚಿನ್ನದ ಗಣಿಯಲ್ಲಿ, ಸುಮಾರು 1.5 ಕಿಲೋಮೀಟರ್ ಆಳದಲ್ಲಿ, ಲಕ್ಸ್-ಜೆಪ್ಲಿನ್ ಪ್ರಯೋಗವನ್ನು ನಡೆಸುತ್ತಿದ್ದಾರೆ. ಅದರ 7 ಟನ್ ದ್ರವ ಕ್ಸೆನಾನ್‌ನಲ್ಲಿ ಡಿಕ್ಕಿಯಾದೊಡನೆ ಒಂದು ಕ್ಷೀಣ ಬೆಳಕು, ಬಿಡುಗಡೆಯಾದ ಎಲೆಕ್ಟ್ರಾನುಗಳು ಮೇಲಿನ ಅನಿಲ ಪದರವನ್ನು ಸೇರಿದಾಗ ಎರಡನೆಯ ಬೆಳಕು ಹೊಮ್ಮುತ್ತದೆ. ಇವೆರಡರ ಅನುಪಾತದಿಂದ ಪೆಟ್ಟು ಬಿದ್ದದ್ದು ಬೀಜಕ್ಕೋ ಎಲೆಕ್ಟ್ರಾನಿಗೋ ಎಂದು ಬೇರ್ಪಡಿಸುವ ಈ ಉಪಾಯ ನನಗೆ ಅತ್ಯಂತ ಪ್ರಿಯವಾದದ್ದು. ಕಪ್ಪುದ್ರವ್ಯದ ಕಣ ಮಾತ್ರ ಇನ್ನೂ ಸಿಕ್ಕಿಲ್ಲ.

ಇಟಲಿಯ ಡಾಮಾ ತಂಡ ಮಾತ್ರ ಕಪ್ಪುದ್ರವ್ಯದ, ವರ್ಷಕ್ಕೊಮ್ಮೆ ಏರಿಳಿಯುವ ಸಂಕೇತವನ್ನು ಕಂಡಿದ್ದೇವೆಂದು ಹೇಳುತ್ತ ಬಂದಿದೆ. ಡಾಮಾದಂತೆಯೇ ಸೋಡಿಯಂ ಅಯೊಡೈಡ್ ಹರಳುಗಳನ್ನು ಬಳಸಿದ ಅನಾಯಿಸ್ ಮತ್ತು ಕೊಸೈನ್-100 ಪ್ರಯೋಗಗಳು ಅದನ್ನು ಸಮರ್ಥಿಸಿಲ್ಲ. ಇದಕ್ಕಿಂತ ನ್ಯಾಯವಾದ ಪರೀಕ್ಷೆ ನನಗೆ ಕಾಣದು.

ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯಲ್ಲಿ, 555 ಮೀಟರ್ ಆಳದಲ್ಲಿ, ನಮ್ಮ ದೇಶದವರೂ ಈ ಶೋಧದಲ್ಲಿ ತೊಡಗಿದ್ದಾರೆ.